ಒಂದು ಲಾರಿಯಿಂದ ಆರಂಭವಾದ ಪಯಣ: ವಿ.ಆರ್.ಎಲ್. ಬೆಳೆದ ಬಗೆ

ಹುಬ್ಬಳ್ಳಿ ಮೊದಲಿನಿಂದಲೂ ವ್ಯಾಪಾರದ ಊರು. ಹತ್ತಿ, ಮೆಣಸಿನಕಾಯಿ, ಬಟ್ಟೆಗಳ ವಹಿವಾಟು ಇಲ್ಲಿ ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲು ಬಂದ ಮೇಲೆ ಅದು ಇನ್ನಷ್ಟು ಹೆಚ್ಚಿತು. ಆದರೆ ರೈಲು ನಿಲ್ದಾಣಕ್ಕೇ ನಿಲ್ಲುತ್ತದೆ. ಊರೂರಿಗೆ ಮಾಲು ಮುಟ್ಟಿಸಲು ಲಾರಿಯೇ ಬೇಕು.

1976ರಲ್ಲಿ ಗದಗಿನ ವಿಜಯ ಸಂಕೇಶ್ವರರು ಒಂದೇ ಲಾರಿಯೊಂದಿಗೆ ಸಾಗಾಣಿಕೆ ಆರಂಭಿಸಿದರು. ಅವರ ಮನೆತನದ ಉದ್ಯೋಗ ಮುದ್ರಣ ಮತ್ತು ಪುಸ್ತಕ ಪ್ರಕಾಶನ. ಪರಿಚಿತ ದಾರಿ ಬಿಟ್ಟು ಅವರು ಹೊಸದನ್ನು ಹಿಡಿದರು. ಮುಂದೆ ಹುಬ್ಬಳ್ಳಿಯೇ ಅವರ ಉದ್ಯಮದ ಕೇಂದ್ರವಾಯಿತು. 1983ರಲ್ಲಿ ಅದು ಕಂಪನಿಯಾಗಿ ನೋಂದಣಿಯಾಯಿತು. 1996ರಲ್ಲಿ ಬಸ್ ಸೇವೆ ಸೇರಿತು. 2006ರಲ್ಲಿ ವಿ.ಆರ್.ಎಲ್. ಲಾಜಿಸ್ಟಿಕ್ಸ್ ಎಂಬ ಹೆಸರು ಬಂತು. 2015ರಲ್ಲಿ ಅದರ ಷೇರುಗಳು ಮಾರುಕಟ್ಟೆಗೆ ಬಂದಾಗ ಸರಕು ವಾಹನಗಳೇ ಮೂರು ಸಾವಿರ ಮೀರಿದ್ದವು.

ಈ ಬೆಳವಣಿಗೆಯ ಗುಟ್ಟೇನು? ದುರ್ಗದಬೈಲಿನ ಬಟ್ಟೆ ಅಂಗಡಿಯವರು ಸೂರತ್ತಿನಿಂದ ಎರಡು ಗಂಟು ಮಾಲು ತರಿಸುತ್ತಾರೆ ಎಂದುಕೊಳ್ಳಿ. ಅಷ್ಟಕ್ಕಾಗಿ ಇಡೀ ಲಾರಿ ಬಾಡಿಗೆ ಹಿಡಿಯಲಾಗದು. ಹೀಗೆ ನೂರಾರು ಜನರ ಸಣ್ಣ ಪಾರ್ಸೆಲ್‌ಗಳನ್ನು ಒಂದೆಡೆ ಕೂಡಿಸಿ, ಊರುವಾರು ವಿಂಗಡಿಸಿ, ಬೇರೆ ಲಾರಿಗಳಿಗೆ ಹೇರಿ ಕಳಿಸುವುದೇ ಈ ವ್ಯವಸ್ಥೆ. ಗಂಟು ಎಲ್ಲಿದೆ ಎಂಬುದಕ್ಕೆ ಬಿಲ್ಟಿಯೇ ಸಾಕ್ಷಿ. ಬಿಲ್ಟಿಯ ಒಂದು ಅಂಕಿ ತಪ್ಪಿದರೆ ಮಾಲು ಬೇರೆ ಊರಿನ ಗೋದಾಮು ಸೇರುತ್ತದೆ. ಹೀಗಾಗಿ ಇದು ಗಾಲಿಗಳ ವ್ಯಾಪಾರವಾಗಿರುವಷ್ಟೇ ಲೆಕ್ಕದ ವ್ಯಾಪಾರವೂ ಹೌದು.

ಜಗತ್ತಿನಲ್ಲೂ ಇಂಥ ಉದಾಹರಣೆಯಿದೆ. ಅಮೆರಿಕದ ಮಾಲ್ಕಮ್ ಮೆಕ್ಲೀನ್ 1934ರಲ್ಲಿ ಒಂದು ಲಾರಿಯಿಂದ ಆರಂಭಿಸಿದವರು. ಸರಕನ್ನು ಪೆಟ್ಟಿಗೆಗಳಲ್ಲಿ ತುಂಬಿ, ಪೆಟ್ಟಿಗೆಯನ್ನೇ ಹಡಗಿಗೆ ಏರಿಸುವ ಯೋಚನೆ ಅವರದು. 1956ರಲ್ಲಿ ಅವರ ಹಡಗು 58 ಪೆಟ್ಟಿಗೆಗಳೊಂದಿಗೆ ನೆವಾರ್ಕಿನಿಂದ ಹ್ಯೂಸ್ಟನ್‌ಗೆ ಹೊರಟಿತು. ಇಂದಿನ ಕಂಟೇನರ್ ವ್ಯಾಪಾರ ಅಲ್ಲಿಂದಲೇ ಬೆಳೆಯಿತು. ವಿ.ಆರ್.ಎಲ್. ಕಾರ್ಯಕ್ಷೇತ್ರ ಭಾರತದ ರಸ್ತೆಗಳು. ಆದರೆ ಹೇರುವ, ಇಳಿಸುವ ವೇಳೆ ಉಳಿಸಬೇಕೆಂಬ ತತ್ವ ಎರಡೂ ಕಡೆ ಒಂದೇ.

ಹಮಾಲ ಎಂಬುದು ಅರಬ್ಬಿ ಮೂಲದ ಪದ, ಹೊರುವವನು ಎಂದರ್ಥ. ಹಮಾಲರ ಬೆನ್ನು, ಚಾಲಕರ ನಿದ್ದೆಗೆಟ್ಟ ರಾತ್ರಿಗಳು ಇಲ್ಲದೆ ಯಾವ ಸಾಗಾಣಿಕೆ ಕಂಪನಿಯೂ ಬೆಳೆದಿಲ್ಲ. ನಮ್ಮ ಅನೇಕ ವಿದ್ಯಾರ್ಥಿಗಳ ತಂದೆಯರು ಇದೇ ದುಡಿಮೆಯಲ್ಲಿದ್ದಾರೆ. ಅದು ಗೌರವದ ದುಡಿಮೆ. ಆದರೆ ಇದೇ ಉದ್ಯಮಕ್ಕೆ ಲೆಕ್ಕಿಗರು, ಕಂಪ್ಯೂಟರ್ ಬಲ್ಲವರು, ವ್ಯವಸ್ಥಾಪಕರೂ ಬೇಕು. ತಂದೆ ಹೊತ್ತ ಗಂಟಿನ ಬಿಲ್ಟಿಯನ್ನು ಮಗಳೋ ಮಗನೋ ಬರೆಯುವಂತಾಗಲಿ. ಮುಂದೊಂದು ದಿನ ಆ ಬಿಲ್ಟಿಯ ಮೇಲೆ ಅವರದೇ ಕಂಪನಿಯ ಹೆಸರಿರಲಿ.