ಜನವರಿಯ ಹೊಳೆಗೆ ಗರಿಯ ನೊಣ

ಗಾಳ ಎಂದೊಡನೆ ಕಣ್ಣಮುಂದೆ ಬರುವುದು ಬಿದಿರಿನ ಕೋಲು, ದಾರ, ಕೊಕ್ಕೆಗೆ ಸಿಕ್ಕಿಸಿದ ಎರೆಹುಳು. ಆದರೆ ಎರೆಹುಳುವಿನ ಗೊಡವೆಯೇ ಇಲ್ಲದೆ, ಹಕ್ಕಿಯ ಗರಿ ಮತ್ತು ಬಣ್ಣದ ದಾರವನ್ನು ಕೊಕ್ಕೆಗೆ ಸುತ್ತಿ, ಅದಕ್ಕೆ ನೊಣದ ರೂಪ ಕೊಟ್ಟು ಮೀನನ್ನು ಏಮಾರಿಸುವ ವಿದ್ಯೆಯೂ ಒಂದಿದೆ. ಅದೇ ‘ಫ್ಲೈ ಫಿಶಿಂಗ್’. ಬೆಟ್ಟದ ತಣ್ಣೀರಿನ ಹೊಳೆಗಳಲ್ಲಿ ಬದುಕುವ ಟ್ರೌಟ್ ಮೀನು ಇದರ ಮುಖ್ಯ ಗುರಿ. ಬೇಸಿಗೆಯ ಈ ಹವ್ಯಾಸ ಚಳಿಗಾಲಕ್ಕೂ ಹಬ್ಬಿದ್ದು ಹೇಗೆ, ಮುಂದೆ ಕಾನೂನು ಅದಕ್ಕೆ ಅಡ್ಡ ಬಂದದ್ದು ಏಕೆ ಎಂಬುದು ಸ್ವಾರಸ್ಯಕರ ಇತಿಹಾಸ.

ಈ ವಿದ್ಯೆ ಕುರಿತ ಮೊದಲ ಇಂಗ್ಲಿಷ್ ಮುದ್ರಿತ ಗ್ರಂಥ ಹೊರಬಂದದ್ದು 1496ರಲ್ಲಿ. ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಬರೆದದ್ದೆಂಬ ಪ್ರತೀತಿ ಇರುವ ಈ ಗ್ರಂಥದಲ್ಲಿ ಹನ್ನೆರಡು ಕೃತಕ ನೊಣಗಳ ಪಟ್ಟಿ ಇದೆ. ಪಟ್ಟಿ ಮಾರ್ಚ್‌ನಲ್ಲಿ ಆರಂಭವಾಗಿ ಆಗಸ್ಟ್‌ಗೆ ಮುಗಿಯುತ್ತದೆ. ಚಳಿಗಾಲದ ತಿಂಗಳುಗಳಿಗೆ ಅದರಲ್ಲಿ ಸ್ಥಾನವಿಲ್ಲ.

ಈ ಕೊರತೆಯನ್ನು ತುಂಬಿದವನು ಕವಿ ಚಾರ್ಲ್ಸ್ ಕಾಟನ್. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಗುಡ್ಡಗಾಡಿನ ಡವ್ ನದಿಯ ದಂಡೆ ಅವನ ಊರು. ಅಲ್ಲಿ 1674ರಲ್ಲಿ ಅವನು ಗಾಳ ಹಾಕುವವರಿಗೆಂದೇ ಕಲ್ಲಿನ ಪುಟ್ಟ ಮನೆಯೊಂದನ್ನು ಕಟ್ಟಿಸಿದ. ಹಿರಿಯ ಗೆಳೆಯ ಐಜಾಕ್ ವಾಲ್ಟನ್‌ನ ಪ್ರಸಿದ್ಧ ಕೃತಿ ‘ದಿ ಕಂಪ್ಲೀಟ್ ಆಂಗ್ಲರ್’ 1676ರಲ್ಲಿ ಐದನೆಯ ಮುದ್ರಣ ಕಂಡಾಗ ಕಾಟನ್ ಅದಕ್ಕೆ ಎರಡನೆಯ ಭಾಗವನ್ನು ಬರೆದು ಸೇರಿಸಿದ. ಅವನ ನೊಣಗಳ ಪಟ್ಟಿ ಆರಂಭವಾಗುವುದೇ ಜನವರಿಯಿಂದ! ಆ ತಿಂಗಳಿಗೆ ಅವನು ಸೂಚಿಸಿದ ನೊಣಗಳಲ್ಲಿ ಸಾಧ್ಯವಾದಷ್ಟೂ ಚಿಕ್ಕದಾಗಿ ಕಟ್ಟಬೇಕಾದ, ಗುಂಗುರಿನಂಥ ಒಂದು ನೊಣವೂ ಇತ್ತು.

ಕಾಟನ್‌ನ ಅನುಭವದ ಮಾತಿಗೆ ವಿಜ್ಞಾನದ ಬೆಂಬಲವೂ ಇದೆ. ಟ್ರೌಟ್ ಶೀತರಕ್ತದ ಜೀವಿ. ನೀರು ತಣ್ಣಗಾದಂತೆ ಅದರ ದೇಹದ ಚಟುವಟಿಕೆಯೂ ಕುಗ್ಗುತ್ತದೆ. ಆಗ ಅದು ಸೆಳವು ಬಿಟ್ಟು ನಿಧಾನವಾಗಿ ಹರಿಯುವ ಮಡುಗಳನ್ನು ಸೇರುತ್ತದೆ. ಆಹಾರಕ್ಕಾಗಿ ದೂರ ಓಡುವುದಿಲ್ಲ. ಚಳಿಗಾಲದಲ್ಲೂ ನೀರಿನಿಂದ ಮೇಲೇಳುವ ಕೆಲವೇ ಕೀಟಗಳಲ್ಲಿ ಕಚ್ಚದ ಜಾತಿಯ ಸಣ್ಣ ಗುಂಗುರುಗಳು ಮುಖ್ಯವಾದವು. ಬಿಸಿಲೇರಿ ನೀರು ತುಸು ಬೆಚ್ಚಗಾಗುವ ಮಧ್ಯಾಹ್ನದ ಹೊತ್ತೇ ಮೀನು ಬಾಯಿ ತೆರೆಯುವ ಸಮಯ. ಹೀಗಾಗಿ ಸಣ್ಣ ನೊಣ, ನಿಧಾನದ ಕೈ ಮತ್ತು ತಾಳ್ಮೆ ಚಳಿಗಾಲದ ಗಾಳಕ್ಕೆ ಅನಿವಾರ್ಯ.

ಆದರೆ ಇದೇ ಋತು ಮೀನಿನ ಸಂತಾನಕ್ಕೂ ನಿರ್ಣಾಯಕ. ಕಂದು ಟ್ರೌಟ್ ಮೊಟ್ಟೆ ಇಡುವುದು ಶರತ್ಕಾಲದ ಕೊನೆ ಹಾಗೂ ಚಳಿಗಾಲದಲ್ಲಿ. ಹೆಣ್ಣು ಮೀನು ಬಾಲ ಬಡಿದು ಹೊಳೆಯ ತಳದ ನುಣುಪುಕಲ್ಲುಗಳ ನಡುವೆ ಗುಣಿ ತೋಡಿ, ಮೊಟ್ಟೆ ಇಟ್ಟು ಕಲ್ಲು ಮುಚ್ಚುತ್ತದೆ. ನೀರಿನ ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊಟ್ಟೆ ಒಡೆಯಲು ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಬೇಕು. ಮರಿಗಳು ಆ ಬಳಿಕವೂ ಕೆಲವು ವಾರ ಕಲ್ಲಿನ ಸಂದಿಯಲ್ಲೇ ಇರುತ್ತವೆ. ಈ ಕಾರಣದಿಂದಲೇ 19ನೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಕಾನೂನು ಚಳಿಗಾಲದಲ್ಲಿ ಟ್ರೌಟ್ ಹಿಡಿಯುವುದನ್ನು ನಿಷೇಧಿಸಿತು.

ಭಾರತದಲ್ಲೂ ಇಂಥ ನಿಯಮವಿದೆ. ಬ್ರಿಟನ್ನಿನಿಂದ ತಂದ ಕಂದು ಟ್ರೌಟ್ ಮೊಟ್ಟೆಗಳು ಕಾಶ್ಮೀರದಲ್ಲಿ ಯಶಸ್ವಿಯಾಗಿ ಮರಿಯಾದದ್ದು 1900ರ ಸುಮಾರಿಗೆ. ಅನಂತರ ಈ ಮೀನು ಹಿಮಾಚಲದ ಕುಲು ಕಣಿವೆಯನ್ನೂ ಸೇರಿತು. ಹಿಮಾಚಲದಲ್ಲಿ ನವೆಂಬರ್‌ನಿಂದ ಫೆಬ್ರುವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ. ಕಾಶ್ಮೀರದ ಹೊಳೆಗಳಲ್ಲೂ ಚಳಿಗಾಲದಲ್ಲಿ ಗಾಳಕ್ಕೆ ಬಿಡುವು.

ಅಮೆರಿಕದಲ್ಲಿ ಮಾತ್ರ ಚಳಿಗಾಲದ ಗಾಳಕ್ಕೆ ಹೊಸ ದಾರಿ ತೆರೆದದ್ದು ಅಣೆಕಟ್ಟುಗಳು. ನ್ಯೂ ಮೆಕ್ಸಿಕೋದ ಸ್ಯಾನ್ ಹ್ವಾನ್ ನದಿಗೆ ಅಡ್ಡಲಾಗಿ ನವಾಹೋ ಅಣೆಕಟ್ಟು 1962ರಲ್ಲಿ ಪೂರ್ಣಗೊಂಡಿತು. ಜಲಾಶಯದ ಆಳದಿಂದ ಬಿಡುವ ನೀರು ಬೇಸಿಗೆಯಲ್ಲಿ ಕಾಯುವುದಿಲ್ಲ, ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ. ಕೆಸರು ತುಂಬಿದ ಬೆಚ್ಚನೆಯ ನದಿಯ ಕೆಲವು ಮೈಲಿಗಳಷ್ಟು ಭಾಗ ಟ್ರೌಟ್ ಹೊಳೆಯಾಯಿತು. ದಡದಲ್ಲಿ ಹಿಮ ಬಿದ್ದಿದ್ದರೂ ಅಲ್ಲಿ ಸಣ್ಣ ಗುಂಗುರುಗಳು ಏಳುತ್ತವೆ, ಟ್ರೌಟ್ ತಿನ್ನುತ್ತದೆ. ಅಲ್ಲಿ ವರ್ಷವಿಡೀ ಗಾಳ ಹಾಕಬಹುದು. ಅಣೆಕಟ್ಟಿನ ಕೆಳಗಿನ ಮೊದಲ ಕೆಲವು ಮೈಲಿಗಳಲ್ಲಿ ಹಿಡಿದ ಮೀನನ್ನು ನೀರಿಗೇ ಬಿಡಬೇಕೆಂಬ ಕಟ್ಟಳೆ ಇದೆ.

ಹಿಡಿದ ಮೀನನ್ನು ಬಿಟ್ಟರೆ ಸಾಕೆ? ಸಾಲದು ಎನ್ನುತ್ತದೆ ಅಮೆರಿಕದ ಮೊಂಟಾನಾದಲ್ಲಿ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನ. ಮೊಟ್ಟೆಗಳಿರುವ ಕಲ್ಲುಹಾಸಿನ ಮೇಲೆ ದಿನಕ್ಕೆ ಎರಡು ಬಾರಿ ನಡೆದಾಗ ಶೇ. 96ರವರೆಗೆ ಮೊಟ್ಟೆ, ಮರಿಗಳು ಸತ್ತವು. ಮೊಟ್ಟೆ ಒಡೆಯುವ ಮುಂಚೆ ಒಂದೇ ಬಾರಿ ತುಳಿದರೂ ಸಾವು ಶೇ. 43ರವರೆಗೆ ಇತ್ತು. ಗಾಳಕ್ಕೆ ಸಿಕ್ಕ ಮೀನು ಒಂದಾದರೆ, ಕಾಲಿಗೆ ಸಿಕ್ಕವು ನೂರಾರು ಆಗಬಹುದು.

ಹೀಗಾಗಿ ಕಂದು ಟ್ರೌಟ್ ಇರುವ ಹೊಳೆಗಳಲ್ಲಿ ಮೊಟ್ಟೆಯ ಗುಣಿಯಿಂದ ದೂರವಿರುವುದು, ಸಾಧ್ಯವಾದರೆ ದಡದಿಂದಲೇ ಗಾಳ ಬೀಸುವುದು ಚಳಿಗಾಲದ ಮೊದಲ ಪಾಠ. ಹೊಸದಾಗಿ ಅಗೆದಂತೆ ತಿಳಿಬಣ್ಣಕ್ಕೆ ತಿರುಗಿದ ಕಲ್ಲುಹಾಸು ಕಂಡರೆ ಅದೇ ಗುಣಿಯ ಗುರುತು. ಕಾಟನ್ ಜನವರಿಗೆ ಯಾವ ನೊಣ ಬೇಕೆಂದು ಕಲಿಸಿದ. ಜನವರಿಯಲ್ಲಿ ಕಾಲು ಎಲ್ಲಿಡಬಾರದು ಎಂಬುದನ್ನು ತಿಳಿಯಲು ಮತ್ತೆ ಮುನ್ನೂರು ವರ್ಷ ಹಿಡಿಯಿತು.