ಗಡಿಯಾರದ ದೂರ, ರಸ್ತೆಯ ದೂರ

1981ರ ಅಕ್ಟೋಬರ್ 25ರಂದು ನ್ಯೂಯಾರ್ಕ್ ಮ್ಯಾರಥಾನ್ ಓಟದಲ್ಲಿ ಅಮೆರಿಕದ ಆಲ್ಬರ್ಟೊ ಸಲಜಾರ್ 2 ಗಂಟೆ 8 ನಿಮಿಷ 13 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಹನ್ನೆರಡು ವರ್ಷ ಹಳೆಯದಾದ ವಿಶ್ವದಾಖಲೆ ಮುರಿಯಿತೆಂದು ಎಲ್ಲೆಡೆ ಸುದ್ದಿಯಾಯಿತು. ಕೆಲವು ವರ್ಷಗಳ ನಂತರ ಆ ಹಾದಿಯನ್ನು ಮತ್ತೆ ಅಳೆದಾಗ ಗೊತ್ತಾದ ಸಂಗತಿಯೇ ಬೇರೆ. ಹಾದಿ ಇರಬೇಕಾದುದಕ್ಕಿಂತ ಸುಮಾರು 148 ಮೀಟರ್ ಕಡಿಮೆ ಇತ್ತು! ಸಲಜಾರ್ ಓಡಿದ ವೇಗದಲ್ಲಿ ಅಷ್ಟು ದೂರ ಕ್ರಮಿಸಲು ಸುಮಾರು 27 ಸೆಕೆಂಡು ಬೇಕು. ದಾಖಲೆ ಕೈತಪ್ಪಿತು. ಅದೇ ಡಿಸೆಂಬರಿನಲ್ಲಿ ಜಪಾನಿನ ಫುಕುವೊಕಾದಲ್ಲಿ 5 ಸೆಕೆಂಡು ಹೆಚ್ಚು ತೆಗೆದುಕೊಂಡು ಓಡಿದ್ದ ಆಸ್ಟ್ರೇಲಿಯಾದ ರಾಬರ್ಟ್ ಡಿ ಕ್ಯಾಸ್ಟೆಲ್ಲಾ ಅವರಿಗೆ ಆ ಗೌರವ ಸಂದಿತು.

ಇಲ್ಲಿ ಗಡಿಯಾರ ತಪ್ಪಲಿಲ್ಲ, ಓಟಗಾರನೂ ತಪ್ಪಲಿಲ್ಲ. ತಪ್ಪಿದ್ದು ರಸ್ತೆಯ ಅಳತೆ.

ಇಂದು ಸಾವಿರಾರು ಓಟಗಾರರ ಮುಂಗೈಯಲ್ಲಿ ಜಿಪಿಎಸ್ ಗಡಿಯಾರವಿದೆ. ಎಷ್ಟು ದೂರ ಓಡಿದ್ದಾಯಿತು, ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಅದು ಆಗಿಂದಾಗ್ಗೆ ತಿಳಿಸುತ್ತದೆ. ಆದರೂ ಮ್ಯಾರಥಾನ್ ಮುಗಿಸಿದವರಲ್ಲಿ ಅನೇಕರು 'ನನ್ನ ಗಡಿಯಾರ 42.6 ಕಿ.ಮೀ. ತೋರಿಸುತ್ತಿದೆ, ಹಾದಿಯನ್ನೇ ತಪ್ಪಾಗಿ ಅಳೆದಿದ್ದಾರೆ' ಎಂದು ಗೊಣಗುವುದುಂಟು. ಹಾಗಾದರೆ ನಂಬಬೇಕಾದುದು ಯಾವುದನ್ನು? ಇದಕ್ಕೆ ಉತ್ತರ ಬೇಕಾದರೆ ದೂರವನ್ನು ಅಳೆದ ಕಥೆಯನ್ನು ಸ್ವಲ್ಪ ನೋಡಬೇಕು.

ಕಾಲ ಸುಲಭ, ದೂರ ಕಷ್ಟ

ಓಟದ ಇತಿಹಾಸದಲ್ಲಿ ಕಾಲವನ್ನು ಅಳೆಯುವುದು ಬಹುಬೇಗ ಕೈವಶವಾಯಿತು. 1920ರ ದಶಕದಲ್ಲಿ ಫಿನ್‌ಲೆಂಡಿನ ಪಾವೊ ನುರ್ಮಿ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದೇ ಓಡುತ್ತಿದ್ದರು. ಪ್ರತಿ ಸುತ್ತಿಗೆ ಎಷ್ಟು ಸೆಕೆಂಡು ಎಂದು ನೋಡಿಕೊಂಡು ತಮ್ಮ ಗತಿಯನ್ನು ನಿಯಂತ್ರಿಸುತ್ತಿದ್ದರು. ಕ್ರೀಡಾಂಗಣದ ಸುತ್ತಳತೆ ಮೊದಲೇ ಗೊತ್ತಿದ್ದುದರಿಂದ ಇದು ಸಾಧ್ಯವಾಯಿತು. ರಸ್ತೆಗೆ ಇಳಿದರೆ ಆ ಆಧಾರವಿರಲಿಲ್ಲ.

ಮ್ಯಾರಥಾನ್ ದೂರವೇ ಬಹುಕಾಲ ಸ್ಥಿರವಾಗಿರಲಿಲ್ಲ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅದು ಸುಮಾರು 40 ಕಿ.ಮೀ. ಇತ್ತು. 1908ರಲ್ಲಿ ವಿಂಡ್ಸರ್ ಅರಮನೆಯಿಂದ ಲಂಡನ್ ಕ್ರೀಡಾಂಗಣದ ರಾಜಮನೆತನದ ಆಸನಗಳ ಎದುರಿನವರೆಗೆ ಓಡಿಸಿದಾಗ 26 ಮೈಲಿ 385 ಗಜ, ಅಂದರೆ 42.195 ಕಿ.ಮೀ. ಆಯಿತು. 1912ರಲ್ಲಿ ಸ್ಟಾಕ್‌ಹೋಮಿನಲ್ಲಿ 40.2 ಕಿ.ಮೀ.ಗೆ ಇಳಿದ ಓಟ, 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ 42.75 ಕಿ.ಮೀ.ಗೆ ಏರಿತು.

ಆಂಟ್‌ವರ್ಪ್‌ನ ಆ ದೀರ್ಘ ಓಟದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಭಾರತದ ಪರವಾಗಿ ಓಡಿ 19ನೆಯವರಾಗಿ ಬಂದರು. ಅವರಿಗೆ ಹಿಡಿದ ಕಾಲ ಸುಮಾರು 2 ಗಂಟೆ 50 ನಿಮಿಷ. ಇಂದಿನ ಮ್ಯಾರಥಾನ್‌ಗಿಂತ ಅವರು 555 ಮೀಟರ್ ಹೆಚ್ಚು ಓಡಿದ್ದರು. ಅವರ ವೇಗದಲ್ಲಿ ಅದು ಎರಡು ನಿಮಿಷಕ್ಕೂ ಮೀರಿದ ಶ್ರಮ. ಮರುವರ್ಷ, 1921ರಲ್ಲಿ, ಅಂತರರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆ 42.195 ಕಿ.ಮೀ.ಯನ್ನೇ ಅಧಿಕೃತ ದೂರವೆಂದು ನಿಗದಿಪಡಿಸಿತು.

ಸೈಕಲ್ಲಿನ ಲೆಕ್ಕ

ದೂರವನ್ನು ನಿಗದಿಪಡಿಸಿದ ಮಾತ್ರಕ್ಕೆ ರಸ್ತೆಯಲ್ಲಿ ಅದನ್ನು ಅಳೆಯಲು ಬಂದಂತಾಗಲಿಲ್ಲ. ಈ ಕೆಲಸಕ್ಕೆ ಕೈಹಾಕಿದವರಲ್ಲಿ ಮುಖ್ಯರು ಟೆಡ್ ಕಾರ್ಬಿಟ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದ್ದ ಈ ಅಮೆರಿಕನ್, ಬ್ರಿಟನ್ನಿನ ಜಾನ್ ಜ್ಯುಯೆಲ್ ಅವರ ಅಧ್ಯಯನದಿಂದ ಪ್ರೇರಿತರಾಗಿ, 1964ರಲ್ಲಿ ರಸ್ತೆ ಓಟದ ಹಾದಿ ಅಳೆಯುವ ಕ್ರಮದ ಬಗ್ಗೆ ಪುಸ್ತಿಕೆಯೊಂದನ್ನು ಪ್ರಕಟಿಸಿದರು. ಅವರು ಒಪ್ಪಿದ ಸಾಧನ ಸಾಮಾನ್ಯ ಸೈಕಲ್! 1970ರ ದಶಕದ ಆರಂಭದಲ್ಲಿ ಅಲನ್ ಜೋನ್ಸ್ ಎಂಬ ಎಂಜಿನಿಯರ್ ಸೈಕಲ್ಲಿನ ಮುಂದಿನ ಚಕ್ರಕ್ಕೆ ಕೂಡಿಸುವ ಸಣ್ಣ ಎಣಿಕೆ ಯಂತ್ರವೊಂದನ್ನು ರೂಪಿಸಿದರು. ಚಕ್ರ ಒಮ್ಮೆ ಸುತ್ತಿದರೆ ಅದು ಸುಮಾರು ಇಪ್ಪತ್ತು ಅಂಕಿ ಮುಂದೆ ಹೋಗುತ್ತದೆ.

ಅಳೆಯುವವರು ಮೊದಲು ಉಕ್ಕಿನ ಟೇಪಿನಿಂದ ಅಳೆದ ನೇರ ರಸ್ತೆಯ ಮೇಲೆ ಹಲವು ಸಲ ಸೈಕಲ್ ಓಡಿಸಿ, ಎಷ್ಟು ಅಂಕಿಗೆ ಎಷ್ಟು ದೂರ ಎಂದು ಲೆಕ್ಕ ಹಾಕುತ್ತಾರೆ. ಬಿಸಿಲೇರಿದಂತೆ ಟೈರಿನ ಗಾಳಿ ಹಿಗ್ಗಿ ಲೆಕ್ಕ ಬದಲಾಗುವುದರಿಂದ, ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ತಿರುವುಗಳಲ್ಲಿ ಅಂಚಿನಿಂದ 30 ಸೆಂಟಿಮೀಟರ್ ದೂರದಲ್ಲಿ, ಅತ್ಯಂತ ಹತ್ತಿರದ ದಾರಿಯಲ್ಲೇ ಸಾಗಬೇಕು. ಅಷ್ಟೂ ಸಾಲದೆಂದು ಪ್ರತಿ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಾಗಿ ಸೇರಿಸುತ್ತಾರೆ. ಹಾದಿ ಎಂದಿಗೂ ಕಡಿಮೆಯಾಗಬಾರದೆಂಬುದೇ ಇದರ ಉದ್ದೇಶ. ವಿಶ್ವದಾಖಲೆಗೆ ಅರ್ಹವಾಗುವ ರಸ್ತೆಗಳನ್ನು ಇಂದಿಗೂ ಅಳೆಯುವುದು ಹೀಗೆಯೇ.

ಆಕಾಶದಿಂದ ಬಂದ ಅಳತೆಗೋಲು

1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ, ಅಮೆರಿಕದ ವಿಜ್ಞಾನಿಗಳು ಅದರ ರೇಡಿಯೊ ಸಂಕೇತದ ಏರಿಳಿತವನ್ನು ಆಲಿಸಿ ಉಪಗ್ರಹ ಎಲ್ಲಿದೆಯೆಂದು ಕಂಡುಹಿಡಿದರು. ಇದನ್ನೇ ತಿರುವುಮುರುವು ಮಾಡಿದರೆ? ಉಪಗ್ರಹದ ನೆಲೆ ಗೊತ್ತಿದ್ದರೆ, ಕೇಳುವವನ ನೆಲೆ ತಿಳಿಯುತ್ತದೆ! ಈ ಯೋಚನೆಯಿಂದ ಮೊದಲು ಜಲಾಂತರ್ಗಾಮಿಗಳಿಗೆ ದಾರಿ ತೋರುವ ವ್ಯವಸ್ಥೆ ಹುಟ್ಟಿತು. 1978ರಲ್ಲಿ ಜಿಪಿಎಸ್‌ನ ಮೊದಲ ಉಪಗ್ರಹ ಮೇಲೇರಿತು.

ಅಮೆರಿಕದ ಸೇನೆಯ ಸ್ವತ್ತಾದ ಈ ವ್ಯವಸ್ಥೆಯಲ್ಲಿ ನಾಗರಿಕರ ಸಂಕೇತವನ್ನು ಬೇಕೆಂದೇ ಕದಡಲಾಗುತ್ತಿತ್ತು. ನೆಲೆಯಲ್ಲಿ 100 ಮೀಟರ್‌ವರೆಗೆ ವ್ಯತ್ಯಾಸವಾಗುತ್ತಿತ್ತು. 2000ದ ಮೇ ತಿಂಗಳಲ್ಲಿ ಈ ತಡೆಯನ್ನು ತೆಗೆದುಹಾಕಿದ ಮೇಲೆ ಓಟಗಾರನಿಗೂ ಅದು ಉಪಯುಕ್ತವಾಯಿತು. 2003ರಲ್ಲಿ ಗಾರ್ಮಿನ್ ಕಂಪನಿಯ ಫೋರ್‌ರನ್ನರ್ ಮಾರುಕಟ್ಟೆಗೆ ಬಂತು. ನುರ್ಮಿಯ ಕೈಯಲ್ಲಿ ಕಾಲ ಮಾತ್ರ ಇತ್ತು. ಈಗ ದೂರವೂ ಮುಂಗೈಗೆ ಬಂದು ಕೂತಿತು.

ಏಕೆ ಈ ವ್ಯತ್ಯಾಸ?

ಗಡಿಯಾರ ರಸ್ತೆಯನ್ನು ಅಳೆಯುವುದಿಲ್ಲ. ಸುಮಾರು 20 ಸಾವಿರ ಕಿ.ಮೀ. ಎತ್ತರದ ಉಪಗ್ರಹಗಳಿಂದ ಬರುವ ಸಂಕೇತಗಳನ್ನು ಹಿಡಿದು ತಾನೆಲ್ಲಿದ್ದೇನೆಂದು ಊಹಿಸಿ, ರಂಗೋಲಿ ಹಾಕುವವರಂತೆ ಚುಕ್ಕಿಗಳನ್ನು ಇಟ್ಟು ಅವನ್ನು ಕೂಡಿಸುತ್ತದೆ. ಪ್ರತಿ ಚುಕ್ಕಿಯೂ ಕೆಲವು ಮೀಟರ್ ಅತ್ತಿತ್ತ ಸರಿದಿರಬಹುದು. ಆಗ ನೇರ ಗೆರೆ ಸೊಟ್ಟಗಾಗಿ ಉದ್ದವಾಗುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗಳಿಗೆ ಬಡಿದು ಬರುವುದರಿಂದ ತಪ್ಪು ಇನ್ನೂ ಹೆಚ್ಚು. ಎರಡು ಆವರ್ತನಗಳ ಸಂಕೇತ ಹಿಡಿಯುವ ಹೊಸ ಗಡಿಯಾರಗಳಲ್ಲಿ ಈ ದೋಷ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಜೊತೆಗೆ, ಜನಜಂಗುಳಿಯಲ್ಲಿ ಓಡುವವರು ಅಳೆದವರು ಹಿಡಿದ ಹತ್ತಿರದ ದಾರಿಯಲ್ಲೇ ಸಾಗಲಾರರು. ಹೀಗಾಗಿ ಅವರು ನಿಜವಾಗಿಯೂ ಸ್ವಲ್ಪ ಹೆಚ್ಚು ಓಡಿರುತ್ತಾರೆ.

ಇದು ಕೇವಲ ಲೆಕ್ಕದ ಜಗಳವಲ್ಲ. ನಾಲ್ಕು ಗಂಟೆಯೊಳಗೆ ಮ್ಯಾರಥಾನ್ ಮುಗಿಸಬೇಕೆಂದು ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರು ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡಿನಂತೆ ಓಡಬೇಕು. ಗಡಿಯಾರ ಕೊನೆಯವರೆಗೂ ಅದೇ ಗತಿ ತೋರಿಸಿದರೂ, ಗುರಿ ತಲುಪಿದಾಗ ಅದರ ದೂರ 42.6 ಕಿ.ಮೀ. ಆಗಿದ್ದರೆ, ಹಿಡಿದ ಕಾಲ 4 ಗಂಟೆ 2 ನಿಮಿಷ! ಅನುಭವಿ ಓಟಗಾರರು ರಸ್ತೆ ಬದಿಯ ಕಿಲೋಮೀಟರ್ ಫಲಕಗಳನ್ನೂ ನೋಡಿಕೊಂಡು ಓಡುವುದು ಇದಕ್ಕಾಗಿಯೇ.

ಅಭ್ಯಾಸದ ದಿನಗಳಲ್ಲಿ ಗಡಿಯಾರ ಒಳ್ಳೆಯ ಜೊತೆಗಾರ. ಸ್ಪರ್ಧೆಯ ದಿನ ಮಾತ್ರ ತೀರ್ಪು ರಸ್ತೆಯದು. ಸಲಜಾರ್ ಕಳೆದುಕೊಂಡ ದಾಖಲೆ ಹೇಳುವ ಮಾತೂ ಅದೇ.