ಗಾಯಕ್ಕೊಂದು ಚೀಟಿ

ಸರ್ಕಾರಿ ಕಚೇರಿಯಲ್ಲಿ ಕಡತಕ್ಕಾಗಿ ಕಾದವರಲ್ಲಿ ನಾನೂ ಒಬ್ಬ. ಆದ್ದರಿಂದಲೇ ಫ್ರೆಡ್ ಏನ್ಸ್‌ವರ್ತ್ ಎಂಬ ಅಮೆರಿಕದ ಸೇನಾ ವೈದ್ಯನ ಕಥೆ ನನಗೆ ಪ್ರಿಯ.

ಅಲ್ಲಿಯ ಅಂತರ್ಯುದ್ಧ 1865ರಲ್ಲಿ ಮುಗಿಯಿತು. 1862ರ ಕಾಯಿದೆಯಂತೆ ಪಿಂಚಣಿ ಬೇಡುವ ಊನಾಂಗ ಸೈನಿಕನು, ಊನವು ಸೇವೆಯಲ್ಲಿಯೇ ಆದದ್ದೆಂದು ರುಜುವಾತುಪಡಿಸಬೇಕು. ರುಜುವಾತು ಇದ್ದದ್ದೆಲ್ಲಿ? ತುಕಡಿಗಳ ಹಾಜರಿ ಪಟ್ಟಿಗಳಲ್ಲಿ, ದಂಡಿನ ಆಸ್ಪತ್ರೆಗಳ ದಫ್ತರಗಳಲ್ಲಿ. ಸೇನೆ ಬಿಟ್ಟ ದಿನದಿಂದಲೇ ಬಾಕಿ ಕೊಡುವ ಕಾಯಿದೆ 1879ರಲ್ಲಿ ಬಂದದ್ದೇ ತಡ, ಅರ್ಜಿಗಳು ಹೊಳೆಯಾಗಿ ಹರಿದವು. ಒಂದೊಂದು ಹೆಸರಿಗೂ ಗುಮಾಸ್ತರು ಜೀರ್ಣವಾದ ಹಾಳೆಗಳನ್ನು ಮಗುಚಬೇಕು. ಮಗುಚಿದಷ್ಟೂ ಅವು ಹರಿಯುವವು.

1887ರಲ್ಲಿ ವಾಷಿಂಗ್ಟನ್ನಿನಲ್ಲಿ ಪಿಂಚಣಿ ಕಚೇರಿಗೆಂದೇ ಅರಮನೆಯಂಥ ಇಟ್ಟಿಗೆಯ ಕಟ್ಟಡ ಸಿದ್ಧವಾಯಿತು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ಏನ್ಸ್‌ವರ್ತ್‌ನ ಚೀಟಿ. 1886ರ ಕೊನೆಗೆ ದಾಖಲೆ ವಿಭಾಗದ ಹೊಣೆ ಹೊತ್ತ ಆತ, ಮೊದಲು ಆಸ್ಪತ್ರೆಯ ದಾಖಲೆಗಳನ್ನು, ಆಮೇಲೆ ಹಾಜರಿ ಪಟ್ಟಿಗಳನ್ನು ಬಿಡಿ ಚೀಟಿಗಳಿಗೆ ಇಳಿಸಿ, ಒಬ್ಬೊಬ್ಬ ಸೈನಿಕನವನ್ನೂ ಅವನ ಹೆಸರಿನಲ್ಲಿ ಒಟ್ಟುಗೂಡಿಸಿಡಿಸಿದ. ಪಿಂಚಣಿ ಕಚೇರಿ ಕೇಳಿದ್ದಕ್ಕೆ ಉತ್ತರ ಬೇಗ ಬೇಗ ಹೊರಡತೊಡಗಿತು. (ಮನುಷ್ಯ ದರ್ಪಿಷ್ಠ; 1912ರಲ್ಲಿ ಮೇಲಿನವರೊಡನೆ ಜಗಳವಾಡಿ ನಿವೃತ್ತನಾದ. ಆಗಲಿ.)

ಆದರೆ ರಣರಂಗದ ಗಡಿಬಿಡಿಯಲ್ಲಿ ವೈದ್ಯನು ಬರೆಯದೆ ಬಿಟ್ಟ ಗಾಯಕ್ಕೆ ಚೀಟಿ ಎಲ್ಲಿಂದ ಬರಬೇಕು? ಅಂಥವನು ಹಳೆಯ ಜೊತೆಗಾರರನ್ನು ಹುಡುಕಿ, ಅವರಿಂದ ಪ್ರಮಾಣಪತ್ರ ಬರೆಸಿಕೊಂಡು, ಮತ್ತೆ ಕಾಯುತ್ತ ಕೂರಬೇಕಾಗಿತ್ತು.